ನಿನ್ನ ಪಾಲು ಯಾರು ತಿನ್ನಬೇಕು

ಗಾಜಿನ ಗೋಡೆಯ ಆಚೆ ಮಲಗಿರುವ ನನ್ನ ಅಕ್ಕಾ,

ಈ ಕಾಗದವನ್ನು ನಿನಗೆ ಬರೆಯಬಾರದು ಎಂದು ಎಲ್ಲರೂ ಹೇಳಿದ್ದಾರೆ. ಭಾವ ಫೋನಿನಲ್ಲಿ ಹೇಳಿದರು. ನಮ್ಮನೆಯವರು ಇವತ್ತು ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೊರಡುವಾಗ ಷೂ ಲೇಸು ಕಟ್ಟಿಕೊಳ್ಳುತ್ತಾ, "ಅವರಿಗೆ ಇರೋ ಶಕ್ತೀನೇ ಒಂದು ಹಿಡಿ. ಅದರಲ್ಲೂ ನೀನು ಪಾಲು ಕೇಳಬೇಡ" ಎಂದರು. ಅವರು ಸಹಜವಾಗಿ ಆಡಿದ ಮಾತು ಅದು. ಪಾಲು ಎಂಬುದನ್ನು ಕೇಳಿ ನನ್ನ ಮೈ ಜುಮ್ಮೆಂದದ್ದು ಅವರಿಗೆ ಗೊತ್ತಾಗಲಿಲ್ಲ.

ಮಕ್ಕಳಿಬ್ಬರೂ ಶಾಲೆಗೆ ಹೋಗಿದ್ದಾರೆ. ಅಡುಗೆಮನೆಯ ಮೇಜಿನ ಮೇಲಿದ್ದ ಬೆಳಗಿನ ಲೋಟಗಳನ್ನು ಒಂದು ಪಕ್ಕಕ್ಕೆ ಸರಿಸಿ ಬರೆಯಲು ಕುಳಿತಿದ್ದೇನೆ. ಕಣ್ಣು ಉರಿಯುತ್ತಿದೆ. ಮುಚ್ಚಿದರೆ ಫೋನು ಹೊಡೆದುಕೊಂಡ ಹಾಗಾಗುತ್ತದೆ. ಎದ್ದು ನೋಡಿದರೆ ಅದು ತನ್ನ ಪಾಡಿಗೆ ತಾನು ಬಿದ್ದಿರುತ್ತದೆ. ಹಾಗಾಗಿ ಮುಚ್ಚುವುದನ್ನೇ ಬಿಟ್ಟಿದ್ದೇನೆ ಎನ್ನು.

ಸುತ್ತು ಬಳಸಿ ಹೇಳಿ ನಿನ್ನ ಎದೆ ಹೊಡೆದುಕೊಳ್ಳುವಂತೆ ಮಾಡುವುದಿಲ್ಲ. ನಿನ್ನ ಜೀರಿಗೆ ಓಡಾಡಿಕೊಂಡಿದ್ದಾಳೆ, ಜ್ವರವಿಲ್ಲ, ಬೆಳಿಗ್ಗೆ ಜಡೆ ಹಾಕುವಾಗ "ಎಳೀಬೇಡ ಚಿಕ್ಕಮ್ಮ, ಅದು ಹಗ್ಗ ಅಲ್ಲ" ಎಂದು ನನಗೇ ದಬಾಯಿಸಿದಳು. ಆದರೆ ಅಕ್ಕಾ, ನಿನ್ನ ಮಗಳು ಹೊಟ್ಟೆಗೆ ತಿನ್ನುತ್ತಿಲ್ಲ. ಅವಳು ತಿನ್ನುವಂತೆ ಮಾಡುವುದು ನನ್ನ ಕೈಯಲ್ಲಿಲ್ಲ, ಡಾಕ್ಟರ ಕೈಯಲ್ಲಿಲ್ಲ. ಅಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿರುವ ನಿನ್ನ ಕೈಯಲ್ಲಿದೆ. ಅದಕ್ಕೇ ಎಲ್ಲರ ಮಾತು ಮೀರಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಆ ವಾರ್ಡಿನೊಳಗೆ ಪ್ರವೇಶವಿಲ್ಲ. ಔಷಧಿಯಿಂದ ಬಾಯಿ ತುಂಬ ಹುಣ್ಣಾಗಿ ನಿನಗೆ ಮಾತಾಡಲೂ ಆಗುತ್ತಿಲ್ಲ ಎಂದು ಭಾವ ಹೇಳಿದರು. ಹಿಂದೆ ಒಂದು ಸಲ ಫೋನಿನಲ್ಲಿ ನಿನ್ನ ಬೋಳು ತಲೆಯನ್ನೂ ಮೂಗಿನ ಕೊಳವೆಯನ್ನೂ ನೋಡಿದ ಜೀರಿಗೆ ಮೇಜಿನ ಕೆಳಗೆ ಹೋಗಿ ಕೂತಿದ್ದಳು. ಅಂದಿನಿಂದ ಫೋನಿನ ಹತ್ತಿರವೇ ಸುಳಿಯುವುದಿಲ್ಲ. ಉಳಿದಿರುವುದು ಕಾಗದವೊಂದೇ.

ಅವಳನ್ನು ನೀನು ಇಲ್ಲಿ ಬಿಟ್ಟುಹೋದ ದಿನ ನಾನು ಎಷ್ಟು ಹೆದರಿದ್ದೆನೆಂದು ನಿನಗೆ ಹೇಳಲೇ ಇಲ್ಲ. ನೀನು ಮೆಟ್ಟಿಲಿಳಿಯುವಾಗ ತಿರುಗಿ, "ಇಬ್ಬರೂ ನಿನ್ನವೇ ಅಂದ್ಕೋ" ಎಂದೆ. ನಾನು ತಲೆಯಾಡಿಸಿದೆ. ಒಂದು ಹೊಟ್ಟೆಯಲ್ಲಿ ಹುಟ್ಟಿದ ಮಗ, ಒಂದು ಮಡಿಲಿಗೆ ಬಂದ ಮಗಳು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಆಗಿಬಿಟ್ಟರೆ? ಅದು ನನಗೇ ತಿಳಿಯದೆ ಆಗಿಬಿಟ್ಟರೆ?

ಮೊದಲ ವಾರದಲ್ಲೇ ಆಯಿತು. ಬಾಳೆಹಣ್ಣನ್ನು ಎರಡು ಮಾಡಿ ಕೊಟ್ಟೆ. ನನ್ನ ಬುಗುರಿ ಗೊತ್ತಲ್ಲ, ಕೂತಲ್ಲಿ ಕೂರದೆ ತಿರುಗುತ್ತಲೇ ಇರುವ ಐದು ವರ್ಷದ ಪುಂಡ. "ಅವಳಿಗೆ ದೊಡ್ಡದು ಕೊಟ್ಟೆ" ಎಂದು ನೆಲಕ್ಕೆ ಬಿದ್ದು ಹೊರಳಿದ. ಜೀರಿಗೆ ತನ್ನ ತುಂಡಿನಲ್ಲೇ ಒಂದಿಷ್ಟು ಮುರಿದು ಅವನ ತಟ್ಟೆಗೆ ಹಾಕಿದಳು. ಆಗ ನೋಡಿದೆ: ದೊಡ್ಡದು ಮೊದಲೇ ಅವನದಾಗಿತ್ತು. ನಾನು ಕೊಯ್ದದ್ದು, ನಾನು ಕೊಟ್ಟದ್ದು. ಅವಳಿಗೆ ಅದು ಗೊತ್ತಿತ್ತು. ಎಂಟು ತುಂಬದ ಹುಡುಗಿ ಒಂದು ಮಾತಾಡದೆ ಆ ವ್ಯತ್ಯಾಸವನ್ನು ನುಂಗಿಕೊಂಡಳು. ನನ್ನ ಕೈ ನನಗೆ ಹೇಳದೆ ಏನು ಮಾಡುತ್ತಿದೆಯೋ ಎಂದು ಅಂದಿನಿಂದ ನನಗೆ ನನ್ನ ಕೈಯನ್ನು ಕಂಡರೇ ಭಯ.

ಮದುವೆಗೆ ಮುಂಚೆ ನಾನು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಪುಡಿ ತೂಗುತ್ತಿದ್ದವಳು. ಕೈಯನ್ನು ನಂಬಬೇಡ, ತಕ್ಕಡಿಯನ್ನು ನಂಬು ಎಂದು ಕಲಿಸಿದ ಕೆಲಸ ಅದು. ಮರುದಿನವೇ ಹೋಗಿ, ಬಟನ್ ಒತ್ತಿದರೆ ಕೆಂಪು ಅಂಕಿ ಮೂಡುವ ಪುಟ್ಟ ತಕ್ಕಡಿಯೊಂದನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಬ್ರೆಡ್ಡು, ಬಿಸ್ಕತ್ತು, ಸೇಬು, ಗಿಣ್ಣಿನ ಚೂರು, ಹುಟ್ಟುಹಬ್ಬದ ಕೇಕು, ಎಲ್ಲವೂ ಅದರ ಮೇಲೆ ಹತ್ತಿ ಇಳಿದೇ ಮಕ್ಕಳ ತಟ್ಟೆಗೆ ಹೋಗಬೇಕು. ಅಂಕಿ ಹೊಂದದಿದ್ದರೆ ಹೆಚ್ಚಾದದ್ದನ್ನು ಚಾಕುವಿನಿಂದ ಕೆರೆದು ನನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಜಡ್ಜಮ್ಮನ ಸಂಬಳ ಎಂದು ನಮ್ಮನೆಯವರು ನಗುತ್ತಿದ್ದರು. ಕೆಳಮನೆಯ ಟೈಲರಮ್ಮನಿಗೆ ಬುಗುರಿ ಹೋಗಿ ಊದಿದ್ದಾನೆ. ಆಕೆ ಮೆಟ್ಟಿಲ ಮೇಲೆ ನನ್ನನ್ನು ತಡೆದು, "ಏನಮ್ಮಾ, ಬಾಳೆಹಣ್ಣಿಗೂ ತಕ್ಕಡಿ ಹಿಡೀತೀಯಂತೆ? ಚಿನ್ನದಂಗಡಿ ಯಾವಾಗ ಇಟ್ಟೆ?" ಎಂದಳು. "ಮಕ್ಕಳ ಮನೆ ಆಂಟಿ, ಚಿನ್ನದಂಗಡಿಗಿಂತ ಜಾಸ್ತಿ ಕಳ್ಳತನ" ಎಂದು ನಾನೂ ನಕ್ಕೆ.

ನಗುವಷ್ಟು ಧೈರ್ಯ ಬಂದಿತ್ತು ನನಗೆ. ಕೆಂಪು ಅಂಕಿ ಎರಡು ಸಲವೂ ಒಂದೇ ಬಂದರೆ ನಾನು ನ್ಯಾಯವಂತೆ ಎಂದುಕೊಂಡಿದ್ದೆ. ಬುಗುರಿಯ ಹೊರಳಾಟ ನಿಂತಿತು. ಜೀರಿಗೆ ತನ್ನ ಪಾಲನ್ನು ಎರಡೂ ಕೈಯಲ್ಲಿ ಹಿಡಿದು, "ಆಮೇಲೆ ತಿಂತೀನಿ" ಎಂದು ಕೋಣೆಗೆ ಒಯ್ಯುತ್ತಿದ್ದಳು. ಊಟಕ್ಕೆ ಕೂತರೆ ಎರಡು ತುತ್ತು ತಿಂದು ಸಾಕು ಎನ್ನುತ್ತಿದ್ದಳು. ಅಮ್ಮನ ಯೋಚನೆ, ಊಟ ಸೇರುತ್ತಿಲ್ಲ, ಇರಲಿ ಎಂದುಕೊಂಡು ತಿಂಡಿಯನ್ನೇ ಸ್ವಲ್ಪ ಧಾರಾಳ ಮಾಡಿದೆ. ಇಬ್ಬರಿಗೂ ಸಮವಾಗಿ. ಟಿಫಿನ್ ಡಬ್ಬಿ ದಿನವೂ ಖಾಲಿಯಾಗಿಯೇ ವಾಪಸು ಬರುತ್ತಿತ್ತು.

ಆದರೂ ಮಗು ಇಳಿಯುತ್ತಿತ್ತು. ಸ್ನಾನ ಮಾಡಿಸುವಾಗ ಅವಳ ಬೆನ್ನಿಗೆ ಸೋಪು ಹಚ್ಚಿದರೆ ನನ್ನ ಬೆರಳು ಒಂದೊಂದು ಮೂಳೆಯ ಮೇಲೂ ಹತ್ತಿ ಇಳಿಯುತ್ತಿತ್ತು. ಶಾಲೆಯ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಪಿನ್ನು ಚುಚ್ಚಿ ಕಳಿಸಿದೆ. ಎತ್ತರ ಬೆಳೀತಿದಾಳೆ ಎಂದು ನಮ್ಮನೆಯವರು. ಹೌದು, ಇರಬಹುದು ಎಂದು ನಾನು. ನಂಬಲು ಇಷ್ಟವಿದ್ದದ್ದನ್ನು ನಂಬುವುದು ಎಷ್ಟು ಸುಲಭ ನೋಡು.

ಕಳೆದ ವಾರ ಮಧ್ಯಾಹ್ನ ಫೋನು ಬಂತು. ಹೊಡೆದುಕೊಂಡ ಕೂಡಲೇ ನಾನು ನೆನೆದದ್ದು ನಿನ್ನನ್ನು. ಆ ಕಡೆಯಿಂದ "ನಾವು ಸ್ಕೂಲಿಂದ" ಎಂದಾಗ, ಅಬ್ಬಾ ಅಕ್ಕ ಅಲ್ಲ ಎಂದು ಉಸಿರು ಬಿಟ್ಟೆ. ಆಮೇಲಿನ ಮಾತು ಕೇಳಿಸಿದಾಗ, ಆ ಉಸಿರು ಬಿಟ್ಟದ್ದಕ್ಕೆ ನನ್ನನ್ನು ನಾನೇ ಶಪಿಸಿಕೊಂಡೆ. ಜೀರಿಗೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಚಪ್ಪಲಿ ಯಾವುದು ಹಾಕಿಕೊಂಡೆನೋ ತಿಳಿಯದು. ಹೋಗಿ ನೋಡಿದರೆ ಟೀಚರ ಕೋಣೆಯ ಬೆಂಚಿನ ಮೇಲೆ ಮಲಗಿಸಿದ್ದರು. ಹಣೆಯ ಮೇಲೆ ಒದ್ದೆ ಬಟ್ಟೆ. ತುಟಿ ಬೆಳ್ಳಗೆ. ನಿನ್ನ ತುಟಿಯ ಹಾಗೆಯೇ, ಅಕ್ಕಾ. ನಿನ್ನ ರಕ್ತದ ಕಾಯಿಲೆ ಮೊದಲು ತೋರಿಸಿಕೊಂಡದ್ದೂ ಹೀಗೇ ಅಲ್ಲವೇ, ಮೆಟ್ಟಿಲ ಮೇಲೆ? ಅಲ್ಲೇ ನೆಲದ ಮೇಲೆ ಕೂತೆ.

ಶಾಲೆಯ ಪಕ್ಕದ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ರಕ್ತ ತೆಗೆದು ನೋಡಿದರು. ಅದಲ್ಲ. ಮೊದಲೇ ಹೇಳಿಬಿಟ್ಟೆ, ಹೆದರಬೇಡ, ಅದಲ್ಲ. "ರಕ್ತದಲ್ಲಿ ಏನೂ ಇಲ್ಲಮ್ಮ. ಹೊಟ್ಟೇಲೂ ಏನೂ ಇಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ. "ಈ ಮಗು ಸರಿಯಾಗಿ ಊಟ ಮಾಡಿ ತುಂಬಾ ದಿನ ಆಗಿದೆ. ಮನೇಲಿ ಕೊಡ್ತಿದೀರಾ?"

"ಕೊಡ್ತೀನಿ ಡಾಕ್ಟ್ರೇ. ತೂಗಿ ಕೊಡ್ತೀನಿ."

ಅವರು ತಲೆಯೆತ್ತಿ ನನ್ನನ್ನು ನೋಡಿದ ನೋಟ ಇನ್ನೂ ನನ್ನ ಬೆನ್ನಿಗೆ ಅಂಟಿದೆ. "ನೀವು ತಾಯೀನಾ?" ಎಂದರು. "ಅಲ್ಲ, ಚಿಕ್ಕಮ್ಮ" ಎಂದೆ. ಅವರ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು. ಬರುವ ವಾರ ಮತ್ತೆ ತೋರಿಸಬೇಕು, ಹೀಗೇ ಇಳಿಯುತ್ತಾ ಹೋದರೆ ಆಸ್ಪತ್ರೆಗೆ ಸೇರಿಸಿ ನಳಿಗೆಯಲ್ಲಿ ಆಹಾರ ಕೊಡಬೇಕಾಗುತ್ತದೆ ಎಂದರು. ತಾಯಿಗೊಂದು ನಳಿಗೆ ಅಲ್ಲಿ, ಮಗಳಿಗೊಂದು ನಳಿಗೆ ಇಲ್ಲಿ. ಭಾವ ಯಾವ ಮಂಚದ ಪಕ್ಕ ಕೂರಬೇಕು, ಹೇಳು.

ಮನೆಗೆ ಬಂದು ಅವಳನ್ನು ಮಲಗಿಸಿ ಬಾಗಿಲು ಎಳೆದುಕೊಳ್ಳುವಾಗ ಇರುವೆಸಾಲು ಕಂಡಿತು. ಬಾಗಿಲ ಸಂದಿನಿಂದ ಹತ್ತಿ, ಹಿಂಬದಿಯ ಮೊಳೆಗೆ ನೇತುಹಾಕಿದ ನಿನ್ನ ನೀಲಿ ಕೋಟಿನೊಳಗೆ ಹೋಗುತ್ತಿತ್ತು. ನೀನು ಹೋದ ದಿನ ಅವಳು ಅಪ್ಪಿಕೊಂಡು ತಂದಿದ್ದಳಲ್ಲ, ಅದೇ ಕೋಟು. "ತೊಳೀಬೇಡ, ವಾಸನೆ ಹೋಗತ್ತೆ" ಎಂದಿದ್ದಳು. ಹಾಗಾಗಿ ನಾನು ಅದನ್ನು ಮುಟ್ಟಿರಲೇ ಇಲ್ಲ. ಆ ಕೋಣೆಯಲ್ಲಿ ಹಳಸಿದ ವಾಸನೆ ಬಂದಾಗಲೆಲ್ಲ ಬುಗುರಿಯ ಕಾಲುಚೀಲಗಳನ್ನು ಬೈದುಕೊಂಡು ಒಗೆದಿದ್ದೆ.

ಜೇಬಿಗೆ ಕೈ ಹಾಕಿದೆ. ಬ್ರೆಡ್ಡು, ಹಸಿರು ಬೂಸಲು ಹಿಡಿದದ್ದು. ಬಾಳೆಹಣ್ಣು, ಕಪ್ಪಗೆ ಬಟ್ಟೆಗೆ ಅಂಟಿಕೊಂಡದ್ದು. ಕಿತ್ತಳೆಯ ತೊಳೆಗಳು. ಬೇಯಿಸಿದ ಮೊಟ್ಟೆಯ ಅರ್ಧ, ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿದ್ದು. ಬಿಸ್ಕತ್ತುಗಳ ಪುಡಿ. ಹೊರಜೇಬು ತುಂಬಿ ಒಳಜೇಬು, ಅದೂ ತುಂಬಿ ತೋಳಿನೊಳಗೆ ಪ್ಲಾಸ್ಟಿಕ್ ಚೀಲ ತೂರಿಸಿದ್ದಳು. ನನ್ನ ತಕ್ಕಡಿ ಹತ್ತಿ ಇಳಿದದ್ದೆಲ್ಲ ಅಲ್ಲಿತ್ತು. ಇಷ್ಟೂ ದಿನ ನಾನು ತೂಗಿ ತೂಗಿ ಒಂದು ಕೋಟಿಗೆ ಊಟ ಹಾಕಿದ್ದೆ.

ನಾನು ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತೇನೋ. ಹಾಸಿಗೆಯಿಂದ ದನಿ ಬಂತು. "ಅದು ಅಮ್ಮಂದು."

"ಅಮ್ಮಂಗೆ ಆಸ್ಪತ್ರೇಲಿ ಕೊಡ್ತಾರಲ್ಲೋ ಮರೀ" ಎಂದೆ.

"ಅದು ಅಲ್ಲೀದು. ಮನೇದು?"

ಅವಳು ಗೋಡೆಯ ಕಡೆ ತಿರುಗಿ ಹೇಳಿದಳು: "ನೀನು ಅಮ್ಮಂಗೆ ಎತ್ತಿಡೋದೇ ಇಲ್ಲ. ಬುಗುರೀಗೆ ಒಂದು, ನಂಗೆ ಒಂದು. ಆಮೇಲೆ ಮುಗೀತು ಅಂತ ತಟ್ಟೆ ತೊಳೀತೀಯ."

"ಯಾಕೆ ಇಡ್ತಿಲ್ಲ ಅಂತ ನನ್ನನ್ನ ಕೇಳಬೋದಿತ್ತಲ್ಲ ಕಂದಾ."

ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ನಿದ್ದೆ ಬಂತೇನೋ ಎಂದುಕೊಂಡೆ. ಆಮೇಲೆ ಮೆಲ್ಲಗೆ, "ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ" ಎಂದಳು.

ಆಗ ಹೊಳೆಯಿತು ಅಕ್ಕಾ. ನಮ್ಮಿಬ್ಬರಿಗೆ ಬಿಟ್ಟು ಇನ್ಯಾರಿಗೂ ಹೊಳೆಯುವಂಥದ್ದಲ್ಲ ಅದು. ಯಾವ ಡಾಕ್ಟರಿಗೆ ವಿವರಿಸಲಿ ನಾನು?

ಅಪ್ಪನ ಪ್ರೆಸ್ಸಿನ ರಾತ್ರಿಪಾಳಿ ನೆನಪಿದೆಯಲ್ಲ. ಸಂಜೆ ಹೋದರೆ ಬೆಳಿಗ್ಗೆ ನಾವು ಹಲ್ಲುಜ್ಜುವಾಗ ಬರುತ್ತಿದ್ದ, ಉಗುರಿನ ಸಂದಿಯಲ್ಲೆಲ್ಲ ಮಸಿ. ಮನೆಗೆ ಏನೇ ತಿನ್ನುವ ಪದಾರ್ಥ ಬರಲಿ, ಅಮ್ಮ ಮೊದಲು ತೆಗೆಯುತ್ತಿದ್ದುದು ಅವನ ಪಾಲು. ಅದನ್ನು ತಟ್ಟೆಯಲ್ಲಿಟ್ಟು ಮೇಲೆ ಬಟ್ಟಲು ಬೋರಲು ಹಾಕಿದ ಮೇಲೆಯೇ ನಮ್ಮದು. "ಎದುರಿಗಿರೋರು ಬಾಯಿಬಿಟ್ಟು ಕೇಳ್ತಾರೆ. ಇಲ್ಲದಿರೋರ ಬಾಯಿ ನಾವಾಗಬೇಕು" ಎನ್ನುತ್ತಿದ್ದಳು. ಉಳಿದದ್ದನ್ನು ನೀನು ಕೊಯ್ಯಬೇಕು, ನಾನು ಆರಿಸಬೇಕು. ನಾನು ದೊಡ್ಡದನ್ನೇ ಆರಿಸಿ, ಆಮೇಲೆ ನಿನ್ನದರ ಕಡೆ ಆಸೆಯಿಂದ ನೋಡಬೇಕು. ಬಟ್ಟಲ ಕೆಳಗಿನದನ್ನು ಮಾತ್ರ ನಾವಿಬ್ಬರೂ ಮುಟ್ಟುತ್ತಿರಲಿಲ್ಲ. ಅದನ್ನು ಬಿಟ್ಟುಕೊಡುವ ಹಕ್ಕು ಅಪ್ಪನೊಬ್ಬನದೇ. ಪಾಳಿಯ ಮೇಲೆ ಪಾಳಿ ಬಿದ್ದು ಬರಲಾಗದ ದಿನ ಎದುರಂಗಡಿಯ ಫೋನಿಗೆ ಹೇಳುತ್ತಿದ್ದ: "ಇವತ್ತಿನ ನಂದು ಚಿಕ್ಕೋಳಿಗೆ." ಇನ್ನೊಮ್ಮೆ, "ದೊಡ್ಡೋಳಿಗೆ." ಅಂಗಡಿಯವನು ರಸ್ತೆಯಾಚೆಯಿಂದಲೇ ಕೂಗಿ ತೀರ್ಪು ಹೇಳುತ್ತಿದ್ದ. ಬೀದಿಗೆಲ್ಲ ಗೊತ್ತಾಗುತ್ತಿತ್ತು, ಇವತ್ತು ಯಾರ ಅದೃಷ್ಟ ಎಂದು.

ಅಪ್ಪ ತೀರಿಕೊಂಡು ಎಲ್ಲ ಮುಗಿದ ಮೇಲೆ ಯಾರೋ ನೆಂಟರು ಕೇಕು ತಂದಿದ್ದರು. ಅಂದು ಅಮ್ಮನೇ ಕೊಯ್ದು, ರೂಢಿಯಂತೆ ನಾಲ್ಕು ತುಂಡು ಮಾಡಿದಳು. ಒಂದನ್ನು ಎತ್ತಿ, ಬೋರಲು ಹಾಕಲು ಬಟ್ಟಲು ಹಿಡಿದು, ಹಾಗೇ ನಿಂತಳು. ಆಮೇಲೆ ಬಟ್ಟಲನ್ನು ಕೆಳಗಿಟ್ಟು, ಆ ತುಂಡನ್ನೂ ಮೂರು ಮಾಡಿ ನಮ್ಮ ತಟ್ಟೆಗಳಿಗೆ ಹಾಕಿದಳು. ಅಪ್ಪನನ್ನು ಮಲಗಿಸಿದ್ದಾಗ ಅಳದಿದ್ದ ನಾನು ಆಗ ಅಳಲು ಶುರುಮಾಡಿದೆ. "ಹೆಚ್ಚಿಗೆ ಸಿಕ್ತು ಅಂತ ಅಳೋರುಂಟೇನೇ" ಎಂದರು ಆ ನೆಂಟರು. ನೀನು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡೆ. ಅಪ್ಪ ಇನ್ನು ಬರುವುದಿಲ್ಲ ಎಂದು ನಮಗೆ ಯಾರೂ ಹೇಳಬೇಕಾಗಲಿಲ್ಲ.

ಈ ಪದ್ಧತಿಯನ್ನು ನೀನು ನಿನ್ನ ಮನೆಗೆ ಒಯ್ದೆ. ಭಾವ ರೈಲು ಓಡಿಸುವವರು, ಇವತ್ತು ಹೋದರೆ ನಾಳೆಯೋ ನಾಡಿದ್ದೋ. ನಿಮ್ಮ ಮನೆಯಲ್ಲಿ ದಿನವೂ ಒಂದು ಬಟ್ಟಲು ಬೋರಲು ಬಿದ್ದಿರುತ್ತಿತ್ತು. ಜೀರಿಗೆ ಮಾತು ಕಲಿತದ್ದೇ "ಇದು ಅಪ್ಪಂದು" ಎಂಬುದರಿಂದ. ನಮ್ಮನೆಯವರ ಅಂಗಡಿ ಎರಡು ರಸ್ತೆ ಆಚೆ. ಮಧ್ಯಾಹ್ನದ ಊಟಕ್ಕೂ ಬರುತ್ತಾರೆ, ಸಂಜೆ ತಿಂಡಿಗೂ ವಾಸನೆ ಹಿಡಿದು ಬರುತ್ತಾರೆ. ಎತ್ತಿಡುವ ಪ್ರಸಂಗವೇ ನನಗೆ ಬರಲಿಲ್ಲ. ನಾನು ಮರೆತೆ. ಬರುವವರಿಗೆ ಪಾಲು ಇಡುತ್ತಾರೆ ಎಂದು ತಿಳಿದ ಮಗುವಿನ ಎದುರಿಗೆ, ಕೆಂಪು ಅಂಕಿ ನೋಡುತ್ತಾ, ದಿನಕ್ಕೆ ಎರಡು ಸಲ, ನಿನ್ನ ಅಮ್ಮ ಬರುವುದಿಲ್ಲ ಎಂದು ಹೇಳುತ್ತಾ ಕೂತಿದ್ದೆ.

ಮರೆತೆ ಎಂದು ಬರೆದೆ. ಹಾಗೆಯೇ ಇರಲಿ ಎಂದು ದೇವರನ್ನು ಬೇಡಿಕೊಳ್ಳುತ್ತೇನೆ. ಅಕ್ಕಾ, ನಿನ್ನನ್ನು ಸೇರಿಸಿದ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಅಲ್ಲಿನ ಡಾಕ್ಟರು ನನಗೂ ಭಾವನಿಗೂ ಏನೋ ಹೇಳಿದರು. ನಾನು ಅವರ ಅಂಗಿಯ ಗುಂಡಿಯನ್ನು ನೋಡುತ್ತಿದ್ದೆ. ಕೇಳಿಸಿಕೊಳ್ಳಲಿಲ್ಲ. ಆದರೆ ಕಿವಿ ಕೇಳಿಸಿಕೊಳ್ಳದ್ದನ್ನು ಕೈ ಕೇಳಿಸಿಕೊಂಡಿತೋ? ಮೂರು ಮಾಡಬೇಕಾದಲ್ಲಿ ಎರಡು ಮಾಡುವುದನ್ನು ಅಂದಿನಿಂದಲೇ ಕಲಿತುಬಿಟ್ಟಿತೋ? ಕಣ್ಣು ಮುಚ್ಚದೆ ನಾನು ಯೋಚಿಸುವುದು ಇದನ್ನೇ. ನಮ್ಮನೆಯವರಿಗೆ ಹೇಳಿದರೆ, "ಏನೇನೋ ಹುಚ್ಚುಹುಚ್ಚಾಗಿ ಯೋಚನೆ ಮಾಡ್ಬೇಡ, ಮರೆವು ಅಂದ್ರೆ ಮರೆವು" ಎನ್ನುತ್ತಾರೆ. ಆಮೇಲೆ ಅವರೂ ಛಾವಣಿ ನೋಡುತ್ತಾ ಮಲಗಿರುತ್ತಾರೆ.

ಅಂದು ಸಂಜೆಯೇ ನಿನಗೊಂದು ತಟ್ಟೆ ಇಟ್ಟೆ. ತಕ್ಕಡಿಯನ್ನು ಮೇಲಿನ ಕಪಾಟಿಗೆ ಸೇರಿಸಲು ಹೋದರೆ ಜೀರಿಗೆಯೇ ತಡೆದಳು. "ತೂಗು ಚಿಕ್ಕಮ್ಮ. ಅಮ್ಮಂಗೂ ನಮ್ಮಷ್ಟೇ ಇರ್ಲಿ, ಹೊರಗಿದಾಳೆ ಅಂತ ಕಮ್ಮಿ ಮಾಡ್ಬೇಡ." ಮೂರು ಸಲ ಅಂಕಿ ಒಂದೇ ಬಂತು. ನಿನ್ನದರ ಮೇಲೆ ಬಟ್ಟಲು ಬೋರಲು ಹಾಕಿದಳು. ಆಮೇಲೆ ಕೂತು, ತನ್ನ ಪಾಲನ್ನು ಪೂರ್ತಿ ತಿಂದಳು. ತಟ್ಟೆಗಂಟಿದ ಚೂರನ್ನೂ ಬೆರಳಿಗೆ ಒತ್ತಿ ತಿಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತೆ. ಗೆದ್ದೆ ಎಂದುಕೊಂಡೆ.

ಬೆಳಿಗ್ಗೆ ಎದ್ದವಳೇ ಹಲ್ಲೂ ಉಜ್ಜದೆ ಬಂದು ಬಟ್ಟಲು ಎತ್ತಿ ನೋಡಿದಳು. ಬ್ರೆಡ್ಡು ಅಂಚೆಲ್ಲ ಮೇಲೆದ್ದು ಒಣಗಿತ್ತು. "ಅಮ್ಮ ಬರ್ಲಿಲ್ಲ" ಎಂದಳು. ಅಳಲಿಲ್ಲ. ಬಟ್ಟಲನ್ನು ಮತ್ತೆ ಮುಚ್ಚಿದಳು. ಹಾಲು ಬೇಡ ಎಂದಳು.

ಇದು ನಾನು ಎಣಿಸದೇ ಇದ್ದ ಭಯ. ಮೊದಲು ನಿನ್ನ ಪಾಲು ಇಲ್ಲದ್ದು ಅವಳನ್ನು ಹೆದರಿಸಿತ್ತು, ಈಗ ಇರುವುದೇ ಹೆದರಿಸುತ್ತಿದೆ. ದಿನ ಬೆಳಗಾದರೆ ಆ ತಟ್ಟೆ ತುಂಬಿಕೊಂಡೇ ಇರುತ್ತದೆ. ಎಸೆಯೋಣ, ಹೊಸದಾಗಿ ಇಡೋಣ ಎಂದರೆ ಎದೆಗವಚಿಕೊಳ್ಳುತ್ತಾಳೆ. ಒಂದೊಂದನ್ನೂ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೇವೆ. ಒಂದು ಅಂತಸ್ತು ಪೂರ್ತಿ ನಿನ್ನದೇ ಈಗ. ನಮ್ಮನೆಯವರು ಮೊಸರಿಗೆ ಜಾಗ ಹುಡುಕುತ್ತಾ, "ನಿಮ್ಮಕ್ಕ ಬಾಡಿಗೆ ಕೊಡ್ತಾರೇನೇ?" ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ, ಅವರೂ ಸೇರಿ. ಬುಗುರಿ ಮೊನ್ನೆ ಫ್ರಿಜ್ಜಿನ ಮುಂದೆ ನಿಂತು, "ದೊಡ್ಡಮ್ಮ ತಿನ್ನಲ್ಲ ತಾನೇ, ನಾನು ತಿಂದುಬಿಡ್ತೀನಿ, ನೀವ್ಯಾರೂ ಹೇಳ್ಬೇಡಿ" ಎಂದು ಕೈ ಹಾಕಿದ. ಜೀರಿಗೆ ಅವನ ತೋಳನ್ನು ಕಚ್ಚಿಬಿಟ್ಟಳು. ಹಲ್ಲಿನ ಗುರುತು ಮೂಡುವ ಹಾಗೆ. "ಅಮ್ಮ ಹೇಳ್ದೆ ಯಾರೂ ಮುಟ್ಟಂಗಿಲ್ಲ" ಎಂದು ಕೂಗಿದಳು. ಯಾರ ಮೇಲೂ ಕೈ ಎತ್ತದ ಮಗು, ಅಕ್ಕಾ.

ನಾನೊಂದು ಸುಳ್ಳು ಹೇಳಿ ನೋಡಿದೆ. "ಅಮ್ಮ ಹೇಳಿದಾಳೆ ಕಣೇ, ಇವತ್ತಿಂದು ನೀನೇ ತಿನ್ಬೇಕಂತೆ" ಎಂದೆ. ನನ್ನ ಮುಖವನ್ನೇ ನೋಡಿದಳು, ಆ ಡಾಕ್ಟರಮ್ಮ ನೋಡಿದ ಹಾಗೆ. "ಅಮ್ಮಂಗೆ ಮಾತಾಡಕ್ಕಾಗಲ್ಲ ಅಂತ ನೀನೇ ಹೇಳಿದ್ಯಲ್ಲ." ನಾನು ತಟ್ಟೆಯನ್ನು ಅವಳ ಮುಂದಿಟ್ಟೆ. "ಬರ್ದು ಕೊಡ್ಲಿ. ಅಮ್ಮನ ಅಕ್ಷರ ನಂಗೆ ಗೊತ್ತು" ಎಂದಳು. ಅಷ್ಟು ಹೇಳಿ ತಟ್ಟೆ ಸರಿಸಿದಳು. ಅಮ್ಮನದು ಹಾಗೇ ಇರುವಾಗ ತಾನು ಹೇಗೆ ತಿನ್ನಲಿ ಎಂಬುದು ಅವಳ ವಾದ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗುತ್ತಿಲ್ಲ. ನಿನ್ನೆ ದಿನವಿಡೀ ಅರ್ಧ ಲೋಟ ಹಾಲು, ಎರಡು ಚೂರು ಸೇಬು. ಡಾಕ್ಟರ ಹತ್ತಿರ ಮತ್ತೆ ಹೋಗುವ ದಿನ ಹತ್ತಿರವಾಗುತ್ತಿದೆ. ಅಕ್ಕಾ, ಅಲ್ಲಿ ಅವಳನ್ನು ಉಳಿಸಿಕೊಂಡರೆ, ಆ ಮಂಚದ ಮೇಲೆ ನಳಿಗೆಯ ಜೊತೆ ಮಲಗಿ, ಅಮ್ಮನಿಗಾದದ್ದೇ ತನಗೂ ಆಯಿತು ಎಂದು ಅವಳು ತಿಳಿದುಕೊಂಡರೆ, ಆಮೇಲೆ ಅವಳನ್ನು ವಾಪಸು ಕರೆಯಲು ನನ್ನ ಹತ್ತಿರ ಯಾವ ಮಾತೂ ಇರುವುದಿಲ್ಲ.

ನಾಳೆ ಭಾವ ಅವಳನ್ನು ನೋಡಲು ಬರುತ್ತಾರೆ, ಇಲ್ಲಿಂದ ನಿನ್ನ ಹತ್ತಿರ ಹೋಗುತ್ತಾರೆ. ಕಾಗದವನ್ನು ಅವರ ಕೈಗೆ ಕೊಡುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಜೊತೆಗೆ ಖಾಲಿ ಹಾಳೆಗಳನ್ನು ಇಟ್ಟಿದ್ದೇನೆ, ದಿನಕ್ಕೊಂದು ಬರೆದು ಭಾವನ ಕೈಯಲ್ಲಿ ಕಳಿಸು. ಮೆದು ಪೆನ್ಸಿಲ್ಲು ಇಟ್ಟಿದ್ದೇನೆ, ಒತ್ತುವ ಕಷ್ಟ ಇರುವುದಿಲ್ಲ. ನಿನ್ನ ಕೈ ನಡುಗುತ್ತದಂತೆ. ಅಕ್ಷರ ಸೊಟ್ಟಗಾದರೂ ಅವಳು ಗುರುತು ಹಿಡಿಯುತ್ತಾಳೆ. ಉದ್ದ ಬರೆಯಬೇಡ. ನಿನ್ನ ಪಾಲು ಇವತ್ತು ಯಾರಿಗೆ, ಅಷ್ಟು ಮಾತ್ರ. ಜೀರಿಗೆಗೆ ಎಂದು ಬರೆದರೆ ಎರಡು ಪಾಲು ಅವಳ ಹೊಟ್ಟೆಗೆ ಹೋಗುತ್ತದೆ. ನಡುವೆ ಒಂದು ದಿನ ಬುಗುರಿಗೆ ಕೊಡು, ಕಚ್ಚಿಸಿಕೊಂಡಿದ್ದಾನೆ ಪಾಪ. ಎಂದಾದರೂ ನನಗೂ ಒಂದು ಬರೆಯುತ್ತೀಯಾ? ನಾನೂ ಸರಿಯಾಗಿ ತಿಂದು ಎಷ್ಟೋ ದಿನವಾಯಿತು. ಭೇದ ಮಾಡಿದರೂ ಯಾರೂ ಕೇಳುವುದಿಲ್ಲ, ಅದು ನಿನ್ನದು. ತಿನ್ನಲಾಗದೆ ಮಲಗಿರುವವಳ ಮುಂದೆ ತಿಂಡಿಯ ಮಾತನ್ನು ಇಷ್ಟುದ್ದ ಬರೆದೆ ಎಂದು ನೊಂದುಕೊಳ್ಳಬೇಡ. ಇನ್ನು ಯಾರ ಹತ್ತಿರ ಹೋಗಲಿ?

ಒಂದೇ ಒಂದು ಬೇಡಿಕೆ. ನಿನ್ನ ಸ್ವಭಾವ ನನಗೆ ಗೊತ್ತಿರುವುದರಿಂದ ಕೈಮುಗಿದು ಕೇಳುತ್ತೇನೆ. ನೋವು ಜಾಸ್ತಿಯಾದ ದಿನ, ಸುಸ್ತಾಗಿ ಯಾರ ಮುಖವನ್ನೂ ನೋಡುವುದು ಬೇಡ ಎನ್ನಿಸಿದ ದಿನ, ಮಕ್ಕಳು ಸುಮ್ಮನೆ ಯಾಕೆ ಕಾಯಬೇಕು ಎಂಬ ಕನಿಕರ ನಿನಗೆ ಬರುತ್ತದೆ. ನನ್ನ ಪಾಲು ಇನ್ನು ಮೇಲೆ ಇಡಬೇಡಿ ಎಂದು ಬರೆದುಬಿಡುತ್ತೀಯ. ಬರೆಯಬೇಡ. ಪೆನ್ಸಿಲ್ಲು ಬಿಸಾಡು, ಭಾವನನ್ನು ಹೊರಗೆ ಕಳಿಸು, ನನ್ನನ್ನು ಬೈದು ಬರೆ. ಅದೊಂದನ್ನು ಮಾತ್ರ ಬರೆಯಬೇಡ. ಇವತ್ತಿನದನ್ನು ಇವತ್ತು ಬಿಟ್ಟುಕೊಡು. ನಾಳೆಯದನ್ನು ಇಟ್ಟಿರುತ್ತೇವೆ, ಅದು ಯಾರಿಗೆ ಎಂದು ನಾಳೆ ಹೇಳು.

ಚಿಕ್ಕವರು ದೊಡ್ಡವರನ್ನು ಹರಸುವುದು ಸರಿಯಲ್ಲ ಎನ್ನುತ್ತಾರೆ. ಆದರೂ ಹೇಳುತ್ತೇನೆ, ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕಾ.

ಉತ್ತರದ ದಾರಿ ಕಾಯುತ್ತಿರುವ,
ನಿನ್ನ ಪುಕ್ಕಲಿ ತಂಗಿ